ಏಟು ತಿಂದವರೇ ಹೇಳಬೇಕು

ಮೊದಲ ದಿನವೇ ಗುರುಗಳು ನನಗೆ ಒಂದು ಮಾತು ಹೇಳಿದ್ದರು. "ಇಲ್ಲಿ ನೀನು ಸತ್ತೆಯೋ ಬದುಕಿದೆಯೋ ಅಂತ ಬೇರೆ ಯಾರೂ ಹೇಳಲ್ಲ. ನೀನೇ ಹೇಳಬೇಕು." ನಾನು ಸುಮ್ನೆ ತಲೆ ಆಡಿಸಿದೆ. ಆ ಮಾತಿನ ತೂಕ ತಿಳಿಯೋಕೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು.

ನಾನು ಮೈಸೂರಿನವಳು. ಈಗ ಇರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹತ್ತು ಹನ್ನೆರಡು ಜನ ಉಕ್ಕಿನ ಹೆಲ್ಮೆಟ್ ಹಾಕಿಕೊಂಡು, ಗುರಾಣಿ ಹಿಡಿದು, ಬೆತ್ತದ ಕತ್ತಿಗಳಿಂದ ಬಡಿದಾಡುತ್ತಿದ್ದರು. ನಾಟಕದ ಹೊಡೆದಾಟ ಅಲ್ಲ, ನಿಜವಾದ ಏಟುಗಳು. ಸದ್ದು ಪಾರ್ಕಿನ ಆ ತುದಿಗೂ ಕೇಳುತ್ತಿತ್ತು. ಒಬ್ಬನ ತೊಡೆಗೆ ಏಟು ಬಿತ್ತು. ಅವನು ತಾನಾಗಿಯೇ ಮಂಡಿಯೂರಿ ಕೂತು ಹೋರಾಟ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ತಲೆಗೆ ಇನ್ನೊಂದು ಬಿತ್ತು. "ಗುಡ್!" ಅಂತ ಕೂಗಿ ತಾನೇ ನೆಲಕ್ಕೆ ಉರುಳಿದ. ಯಾರೂ ಸೀಟಿ ಊದಲಿಲ್ಲ, ಯಾರೂ ಕೈ ಎತ್ತಲಿಲ್ಲ. ಹೊಡೆದವನೇ ಬಂದು ಕೈ ಹಿಡಿದು ಎಬ್ಬಿಸಿದ.

ನಮ್ಮೂರಲ್ಲಿ ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಯಲ್ಲಿ ವಜ್ರಮುಷ್ಟಿ ಹಿಡಿದು ಸೆಣಸುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದರೆ ಮುಗಿಯಿತು. ಅಲ್ಲಿ ರಕ್ತವೇ ತೀರ್ಪು. ಚಿಕ್ಕಂದಿನಿಂದ ಅದನ್ನು ಕೇಳಿಕೊಂಡು ಬೆಳೆದವಳಿಗೆ, ಈ ಪಾರ್ಕಿನಲ್ಲಿ ತೀರ್ಪು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಹತ್ತಿರ ಹೋಗಿ ಕೇಳಿದೆ. ಹೆಲ್ಮೆಟ್ ತೆಗೆದು ಉತ್ತರ ಕೊಟ್ಟವರು ಒಬ್ಬ ಹೆಂಗಸು, ಐವತ್ತು ದಾಟಿದವರು. ಸೊಂಟಕ್ಕೆ ಬಿಳಿ ಬೆಲ್ಟು, ಇಲ್ಲಿ ಅದು ನೈಟ್ ಪದವಿಯ ಗುರುತು. ವಾರವಿಡೀ ಶಾಲೆಯ ಬಸ್ ಓಡಿಸುತ್ತಾರೆ. ಅವರೇ ನನ್ನ ಗುರುಗಳಾದರು.

ಇದನ್ನು ನಡೆಸುವುದು ಮಧ್ಯಯುಗದ ಬದುಕನ್ನು ಮತ್ತೆ ಕಟ್ಟಿ ಆಡುವ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಎಂಬ ಸಂಸ್ಥೆ. ಎಲ್ಲರೂ ಎಸ್‌ಸಿಎ ಅಂತಾರೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಿನಲ್ಲಿ ನಡೆದ ಪಾರ್ಟಿಯಿಂದ ಇದು ಶುರುವಾಯಿತು. ಈಗ ಬೇರೆ ಬೇರೆ ದೇಶಗಳಲ್ಲಿ ಹರಡಿದ 20 'ರಾಜ್ಯ'ಗಳಿವೆ. ಯುರೋಪಿನದು ಡ್ರಾಖೆನ್‌ವಾಲ್ಡ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನದು ಲೋಕಾಕ್. ಪ್ರತಿ ರಾಜ್ಯದಲ್ಲೂ ಟೂರ್ನಮೆಂಟ್ ಗೆದ್ದವರೇ ಸಿಂಹಾಸನ ಏರುತ್ತಾರೆ. ಹೆಚ್ಚಿನ ಕಡೆ ಆಳ್ವಿಕೆ ಆರು ತಿಂಗಳಿನದು. ಹೊಡೆದಾಟ ಇದರ ಒಂದು ಭಾಗ ಮಾತ್ರ. ನೇಯ್ಗೆ, ಅಡುಗೆ, ಸಂಗೀತ, ಅಕ್ಷರ ಬರೆಯುವ ಕಲೆ ಎಲ್ಲವೂ ಇವೆ. ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಕತ್ತಿ.

ಬೆತ್ತವೇ ಯಾಕೆ ಅಂತ ಮೊದಲು ಕೇಳಿದ್ದೆ. ಬಿದಿರು ಒಳಗೆ ಟೊಳ್ಳು, ಒಡೆದರೆ ಸೀಳಿ ಚೂಪಾಗುತ್ತದೆ. ಮರದ ಕೋಲು ಚಕ್ಕೆ ಏಳುತ್ತದೆ. ಬೆತ್ತ ಗಟ್ಟಿ, ಆದರೆ ಹಳೆಯದಾದಾಗ ನಾರುನಾರಾಗಿ ಪೊರಕೆಯಂತೆ ಬಿಚ್ಚಿಕೊಳ್ಳುತ್ತದೆಯೇ ಹೊರತು ಚುಚ್ಚುವುದಿಲ್ಲ. ಕತ್ತಿಯ ಬೆತ್ತ ಕನಿಷ್ಠ ಒಂದೂಕಾಲು ಇಂಚು ದಪ್ಪ ಇರಲೇಬೇಕು. ಮೇಲೆ ಟೇಪ್ ಸುತ್ತಿ, ಅಲಗು ಯಾವ ಕಡೆ ಅಂತ ತೋರಿಸಲು ಬೇರೆ ಬಣ್ಣದ ಪಟ್ಟಿ ಹಾಕುತ್ತಾರೆ. ಅಲಗಿನ ಕಡೆಯಿಂದ ತಾಗಿದರೆ ಮಾತ್ರ ಏಟು. ಚಪ್ಪಟೆಯಾಗಿ ತಾಗಿದ್ದು ಲೆಕ್ಕಕ್ಕಿಲ್ಲ.

ನಿಯಮಗಳು ಹೀಗೆ. ತಲೆ, ಮುಂಡ, ತೋಳು, ತೊಡೆಗೆ ಹೊಡೆಯಬಹುದು. ಹಸ್ತಕ್ಕೆ ಇಲ್ಲ, ಮಂಡಿಗೂ ಅದರ ಕೆಳಗೂ ಇಲ್ಲ. ತೊಡೆಗೆ ಸರಿಯಾದ ಏಟು ಬಿದ್ದರೆ ಆ ಕಾಲು ಹೋಯಿತು, ಮಂಡಿಯೂರಿ ಹೋರಾಡಬೇಕು. ತೋಳಿಗೆ ಬಿದ್ದರೆ ಆ ಕೈ ಹೋಯಿತು. ತಲೆಗೋ ಮುಂಡಕ್ಕೋ ಬಿದ್ದರೆ ಸಾವು. "ಹೋಲ್ಡ್" ಅಂತ ಯಾರೇ ಕೂಗಲಿ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಕೂಗುವವರು ಹೋರಾಟದ ಮೇಲೆ ಕಣ್ಣಿಡುವ ಮಾರ್ಷಲ್ಲೇ ಆಗಬೇಕಿಲ್ಲ, ಬೇಲಿಯ ಆಚೆ ನಿಂತ ಮಗು ಕೂಗಿದರೂ ನಿಲ್ಲಬೇಕು.

ಏಟು ಎಷ್ಟು ಜೋರಾಗಿದ್ದರೆ ಸರಿ? ಎಲ್ಲದರ ಬೇರು ಇಲ್ಲಿದೆ. ಪ್ರತಿಯೊಬ್ಬರೂ ಹತ್ತಿ ತುಂಬಿದ ದಪ್ಪ ಅಂಗಿಯ ಮೇಲೆ ಕಬ್ಬಿಣದ ಬಳೆಗಳ ಕವಚ ತೊಟ್ಟಿದ್ದಾರೆ, ಮುಖ ತೆರೆದಿರುವ, ಮೂಗಿಗೆ ಮಾತ್ರ ಪಟ್ಟಿ ಇರುವ ಹೆಲ್ಮೆಟ್ ಹಾಕಿದ್ದಾರೆ ಅಂತ ಇಟ್ಟುಕೊಳ್ಳಬೇಕು. ನಿಜವಾಗಿ ಏನೇ ತೊಟ್ಟಿರಲಿ, ಲೆಕ್ಕ ಇದೇ. ಈ ಏಟು ನಿಜವಾದ ಕತ್ತಿಯದಾಗಿದ್ದರೆ ಆ ಕವಚವನ್ನು ದಾಟಿ ಬರುತ್ತಿತ್ತಾ? ಅದನ್ನು ಹೇಳಬೇಕಾದವರು ಏಟು ತಿಂದವರು. ಮಾರ್ಷಲ್‌ಗಳು ಸುರಕ್ಷತೆ ನೋಡಿಕೊಳ್ಳುತ್ತಾರೆ. ಸತ್ತೆ ಅಂತ ನನ್ನ ಪರವಾಗಿ ಹೇಳುವುದು ಅವರ ಕೆಲಸ ಅಲ್ಲ.

ಕವಚ ಸಿದ್ಧವಾಗಲು ಐದು ತಿಂಗಳು ಹಿಡಿಯಿತು. ನನಗೆ ಬಹಳ ಇಷ್ಟವಾದ ಕಾಲ ಅದು. ಹೆಲ್ಮೆಟ್‌ನಲ್ಲಿ ಮಾತ್ರ ಮೋಸ ಹೋದೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 150 ಡಾಲರ್‌ಗೆ ತರಿಸಿದ್ದೆ. 'ಯುದ್ಧಕ್ಕೆ ಸಿದ್ಧ' ಅಂತ ಬರೆದಿತ್ತು. ಗುರುಗಳು ಕೈಗೆ ತೆಗೆದುಕೊಂಡು ತೂಗಿ ನೋಡಿದರು, ಬೆರಳಿನಿಂದ ತಟ್ಟಿದರು. ಏನೂ ಮಾತಾಡದೆ ಅಳತೆಯ ಪಟ್ಟಿ ತಂದರು. ನಿಯಮದ ಪ್ರಕಾರ ಉಕ್ಕು 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ ಇರಬೇಕು. ಇದು 18 ಗೇಜ್. ಮುಖದ ಸರಳುಗಳ ಸಂದಿಯಲ್ಲಿ ಒಂದಿಂಚಿನ ಕೋಲು ತೂರಬಾರದು. ಇದರಲ್ಲಿ ಸಲೀಸಾಗಿ ತೂರಿತು. "ಇದನ್ನು ಮನೆಯ ಗೋಡೆಗೆ ಹಾಕು, ತಲೆಗೆ ಹಾಕಬೇಡ" ಅಂದರು. ಮಾರಾಟಗಾರ ವಾಪಸ್ ತೆಗೆದುಕೊಳ್ಳಲಿಲ್ಲ. ದುಡ್ಡು ಹೋಗಿದ್ದಕ್ಕಿಂತ, ಅದನ್ನೇ ಹಾಕಿಕೊಂಡು ಯಾರಾದರೂ ಹೊಸಬರು ಅಂಗಳಕ್ಕೆ ಇಳಿದಿದ್ದರೆ ಅಂತ ನೆನೆದು ಹೊಟ್ಟೆ ಕಿವುಚಿತು. ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಯಾರಾದರೂ ಅನುಭವಸ್ಥರ ಹೆಲ್ಮೆಟ್ ಒಮ್ಮೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ.

ಉಳಿದಿದ್ದನ್ನು ನಾನೇ ಮಾಡಿಕೊಂಡೆ. ನಮ್ಮೂರಲ್ಲಿ ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ ಇರುತ್ತಲ್ಲ, ಅಂಥದ್ದನ್ನೇ ಕತ್ತರಿಸಿ, ಬಿಸಿಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ ಮೈಗೆ ತಕ್ಕಂತೆ ಬಗ್ಗಿಸಬೇಕು. ಇಲ್ಲಿ ಅರ್ಧಕ್ಕರ್ಧ ಜನ ಹೊಸಬರಾಗಿದ್ದಾಗ ತೊಟ್ಟಿದ್ದು ಡ್ರಮ್ಮಿನ ಕವಚವನ್ನೇ. ಮೇಲೆ ಬಟ್ಟೆ ಹೊಲಿದರೆ ಪ್ಲಾಸ್ಟಿಕ್ ಕಾಣುವುದಿಲ್ಲ. ಒಂದು ಡ್ರಮ್ಮಿನಲ್ಲಿ ಎದೆಗೆ, ಬೆನ್ನಿಗೆ, ಪಕ್ಕೆಯ ಹಿಂದೆ ಕಿಡ್ನಿ ಇರುವ ಜಾಗಕ್ಕೆ, ಎಲ್ಲಕ್ಕೂ ಸಾಕಾಯಿತು. ಮೊಣಕೈಗೆ ಮತ್ತು ಮಂಡಿಗೆ ಉಕ್ಕಿನ ಬಟ್ಟಲುಗಳು. ಕತ್ತಿಗೆ ಬುಟ್ಟಿಯಂಥ ಹಿಡಿ, ಬೆರಳು ಜಜ್ಜಿ ಹೋಗದ ಹಾಗೆ. ಗುರಾಣಿಯ ಅಂಚಿಗೆ ಗಿಡಕ್ಕೆ ನೀರು ಹಾಯಿಸುವ ಪೈಪನ್ನು ಉದ್ದಕ್ಕೆ ಸೀಳಿ ಕಟ್ಟಿದೆ. ಹೆಂಗಸರ ಕವಚಕ್ಕೆ ಒಂದು ವಿಶೇಷ ನಿಯಮ ಇದೆ. ಎದೆಗೆ ಬಿಡಿಬಿಡಿಯಾದ ಎರಡು ಬಟ್ಟಲು ಹಾಕಬಾರದು, ನಡುವೆ ಗಟ್ಟಿ ತುಂಡಿನಿಂದ ಜೋಡಿಸಿರಬೇಕು. ಇಲ್ಲದಿದ್ದರೆ ಏಟು ಬಿದ್ದಾಗ ಬಟ್ಟಲಿನ ಅಂಚು ಎದೆಯ ಮೂಳೆಗೆ ಒತ್ತುತ್ತದೆ. ಸಿನಿಮಾಗಳಲ್ಲಿ ಹೆಣ್ಣು ಯೋಧರಿಗೆ ತೊಡಿಸುವ ಕವಚ ನೋಡಿದಾಗಲೆಲ್ಲ ಈಗ ನನಗೆ ಈ ನಿಯಮ ನೆನಪಾಗುತ್ತದೆ.

ಇಲ್ಲಿ ಪ್ರತಿಯೊಬ್ಬರೂ 1600ಕ್ಕಿಂತ ಹಿಂದಿನ ಕಾಲದ ಒಬ್ಬ ವ್ಯಕ್ತಿಯಾಗಿ ತಮ್ಮನ್ನು ಕಲ್ಪಿಸಿಕೊಳ್ಳುತ್ತಾರೆ. ಸುತ್ತ ಇದ್ದವರಲ್ಲಿ ವೈಕಿಂಗ್‌ಗಳು, ನಾರ್ಮನ್ನರೇ ಜಾಸ್ತಿ. ನಾನು ವಿಜಯನಗರ ಅಂದೆ. ಕೃಷ್ಣದೇವರಾಯನ ಕಾಲ. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಮಹಾನವಮಿಯ ಸೇನೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಗಟ್ಟಿ ಹಸಿ ಚರ್ಮವನ್ನು ಪದರ ಪದರವಾಗಿ ಸೇರಿಸಿ, ಕಬ್ಬಿಣದ ತಗಡು ಇಟ್ಟು ಹೊಲಿದ ಅಂಗಿಗಳು, ಕುತ್ತಿಗೆ ಮುಚ್ಚುವ ಅಂಚಿದ್ದ ಶಿರಸ್ತ್ರಾಣಗಳು, ಮುಖಕ್ಕೆ ರಕ್ಷೆ, ಕೊರಳಿಗೆ ಕನ್ನಡಿಯಂತೆ ಹೊಳೆಯುವ ಉಕ್ಕಿನ ಪಟ್ಟಿ. ಓದಿ ಮೈ ಜುಂ ಅಂದಿತು. ಮಾರ್ಷಲ್ ನನ್ನ ಮೈಮೇಲೆ ತಡವಿ ನೋಡುವ ರಕ್ಷೆಗಳ ಪಟ್ಟಿಯೂ ಹೆಚ್ಚು ಕಮ್ಮಿ ಇದೇ ಅಲ್ವಾ! ಐನೂರು ವರ್ಷ ಕಳೆದರೂ ಮನುಷ್ಯರ ಕುತ್ತಿಗೆ ಅಷ್ಟೇ ಮೆದು. ಸ್ವಲ್ಪ ವರ್ಷಗಳ ಆಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ, ನೂನಿಜ್, ವಿಜಯನಗರದಲ್ಲಿ ದ್ವಂದ್ವ ಯುದ್ಧ ಮಾಡುವವರಿಗೆ ಬಹಳ ಮರ್ಯಾದೆ ಇತ್ತು, ಆದರೆ ಮಂತ್ರಿಯ ಅಪ್ಪಣೆ ಇಲ್ಲದೆ ಯಾರೂ ಹೋರಾಡುವಂತಿರಲಿಲ್ಲ ಅಂತ ಬರೆದಿದ್ದಾನೆ.

ನನಗೂ ಅಪ್ಪಣೆ ಬೇಕಿತ್ತು. ಅದಕ್ಕೆ ಇಲ್ಲಿ ಆಥರೈಸೇಷನ್ ಅಂತಾರೆ. ಅದಕ್ಕಿಂತ ಮುಂಚೆ ತಿಂಗಳುಗಟ್ಟಲೆ ಅಭ್ಯಾಸ. ಏಟು ತಿನ್ನುವುದು ಬೇಗ ಅಭ್ಯಾಸವಾಯಿತು. ಕಷ್ಟವಾಗಿದ್ದು ಹೊಡೆಯುವುದು. ಎದುರಿಗಿದ್ದವರ ತಲೆಗೆ ಪೂರ್ತಿ ಬಲ ಹಾಕಿ ಬೀಸಲು ಕೈ ಏಳುತ್ತಲೇ ಇರಲಿಲ್ಲ. ಪ್ರತಿ ಸಲ "ಸಾರಿ" ಅನ್ನುತ್ತಿದ್ದೆ. ಗುರುಗಳು ಒಂದು ದಿನ ಗುರಾಣಿ ಪಕ್ಕಕ್ಕಿಟ್ಟು ನನ್ನ ಮುಂದೆ ನಿಂತರು. "ಹೊಡಿ. ಸಾಲದು. ಇನ್ನೂ. ಸಾಲದು. ಹಾಂ, ಇದು ಸರಿ." ಒಂದು ಗಂಟೆ ಅದೇ. ಆಮೇಲೆ ಅವರು ನನಗೆ ಹೊಡೆದರು, ನಾನು ಹೇಳಬೇಕು: ಸಾಲದು, ಸರಿ, ಚಪ್ಪಟೆ. ವೀಣೆಯ ತಂತಿಗೆ ಶ್ರುತಿ ಕೂಡಿಸುವ ಹಾಗೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಈ ಅಳತೆ ದಾಟಿಕೊಂಡು ಬರಬೇಕು, ಬೇರೆ ದಾರಿ ಇಲ್ಲ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋಳಿನ ಬಾಸುಂಡೆ ಕಂಡುಬಿಟ್ಟಿತು. "ಏನೇ ಇದು? ದುಡ್ಡು ಕೊಟ್ಟು ಏಟು ತಿನ್ನೋಕೆ ಹೋಗ್ತಿದೀಯಾ?" ಅಂತ ಅತ್ತರು. ಅಪ್ಪ ಪಕ್ಕದಿಂದ ತಲೆ ಹಾಕಿ, "ಗುರಾಣಿ ಕೆಳಗಿಳಿಸಿರ್ತೀಯ, ಅದಕ್ಕೇ ತೋಳಿಗೆ ಬಿದ್ದಿದೆ" ಅಂದರು. ಅಪ್ಪ ಹುಡುಗನಾಗಿದ್ದಾಗ ಗರಡಿ ಮನೆಗೆ ಹೋಗುತ್ತಿದ್ದವರು.

ಪರೀಕ್ಷೆ 2022ರ ಮೇ ತಿಂಗಳಲ್ಲಿ ಆಯಿತು. ಇಬ್ಬರು ಮಾರ್ಷಲ್‌ಗಳು. ಹೆಲ್ಮೆಟ್ಟಿನ ಸರಳು ಹಿಡಿದು ಅಲ್ಲಾಡಿಸಿದರು. ತಲೆ ಎತ್ತಿಸಿ, ಬಗ್ಗಿಸಿ, ತಿರುಗಿಸಿ, ಕುತ್ತಿಗೆ ಎಲ್ಲಾದರೂ ಕಾಣುತ್ತದಾ ಅಂತ ನೋಡಿದರು. ನಿಯಮಗಳ ಬಗ್ಗೆ ಪ್ರಶ್ನೆ ಕೇಳಿದರು. ಆಮೇಲೆ ಒಬ್ಬ ಹಳಬರ ಜೊತೆ ಹೋರಾಟ. ನಡುವೆ ಬೇಕಂತಲೇ "ಹೋಲ್ಡ್" ಕೂಗಿದರು. ಬೇಕಂತಲೇ ಒಂದು ಹಗುರ ಏಟು, ಒಂದು ಜೋರು ಏಟು. ಗೆಲ್ಲಬೇಕಿರಲಿಲ್ಲ. ನಾನು ಅಪಾಯಕಾರಿ ಅಲ್ಲ, ಬಿದ್ದ ಏಟನ್ನು ಸರಿಯಾಗಿ ಹೇಳುತ್ತೇನೆ ಅಂತ ತೋರಿಸಬೇಕಿತ್ತು, ಅಷ್ಟೇ. ಪಾಸಾದೆ.

ಉಕ್ಕಿನ ಕತ್ತಿಯ ಇನ್ನೊಂದು ಆಟವೂ ಇದೆ, ಬುಹರ್ಟ್ ಅಂತ. 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ 'ಬ್ಯಾಟಲ್ ಆಫ್ ದಿ ನೇಷನ್ಸ್' ಶುರುವಾದ ಮೇಲೆ ದೇಶ ದೇಶಗಳ ತಂಡಗಳು ಅದರಲ್ಲಿ ಸೆಣಸುತ್ತವೆ. ಮೊಂಡು ಅಲಗಿನ ಉಕ್ಕು, ಪೂರ್ತಿ ಉಕ್ಕಿನ ಕವಚ. ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಅವನು ಆ ಸುತ್ತಿನಿಂದ ಹೊರಗೆ. ಬಿದ್ದಿದ್ದು ಎಲ್ಲರಿಗೂ ಕಾಣುತ್ತದೆ. ನೋಡಲು ಭಯಂಕರ, ಅವರ ಗುಂಡಿಗೆ ದೊಡ್ಡದು. ಆದರೂ ನನಗೆ ಬೆತ್ತವೇ ಇಷ್ಟ. ಕಾರಣ ಮುಂದೆ ಹೇಳುತ್ತೇನೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ನನ್ನ ಮೊದಲ ಟೂರ್ನಮೆಂಟ್. ಎರಡು ಸಲ ಸೋತರೆ ಹೊರಗೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಅಂತ ಇಲ್ಲ, ತೂಕದ ಲೆಕ್ಕವೂ ಇಲ್ಲ. ಹೆಸರು ಕರೆದ ಮೇಲೆ ಮೊದಲು ರಾಜ ರಾಣಿಗೆ ವಂದನೆ, ಆಮೇಲೆ ನಮಗೆ ಬೇಕಾದವರಿಗೆ, ಕೊನೆಗೆ ಎದುರಾಳಿಗೆ. ನಾನು ಎರಡನೆಯ ವಂದನೆಯನ್ನು ಮಗಳಿಗೆ ಮಾಡಿದೆ. "ಲೇ ಆನ್!" ಅಂದರು, ಅಂದರೆ ಹೋರಾಟ ಶುರು. ಮೊದಲ ಹೋರಾಟ ಸೋತೆ. ಎರಡನೆಯದು ಗೆದ್ದೆ.

ಮೂರನೆಯದರಲ್ಲಿ ಎದುರಿಗೆ ಎತ್ತರದ ಯುವಕ. ನನ್ನಂತೆಯೇ ಹೊಸಬ. ಅವನ ಕತ್ತಿ ನನ್ನ ಗುರಾಣಿಯ ಅಂಚನ್ನು ಸವರಿಕೊಂಡು ಬಂದು ಎಡ ಪಕ್ಕೆಗೆ ತಾಗಿತು. ಆ ಕ್ಷಣ ನನ್ನ ಬಾಯಿಂದ "ಲೈಟ್" ಅಂತ ಬಂತು. ಅಂದರೆ ಏಟು ಸಾಲದು. ಅವನು ತಲೆಯಾಡಿಸಿ ಹಿಂದೆ ಸರಿದ. ಒಂದು ನಿಮಿಷದಲ್ಲಿ ನಾನು ಅವನ ತಲೆಗೆ ಹೊಡೆದೆ. ಅವನು "ಗುಡ್" ಅಂತ ಕೂಗಿ ಬಿದ್ದ. ಚಪ್ಪಾಳೆ ಬಿತ್ತು.

ಮರದ ಕೆಳಗೆ ಬಂದು ಹೆಲ್ಮೆಟ್ ತೆಗೆದೆ. ಪಕ್ಕೆ ಬಿಸಿಯಾಗಿತ್ತು. ಗುರಾಣಿಗೆ ಮೊದಲು ತಾಗಿದ್ದರಿಂದ ಹಗುರವಾಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಏಟು ಎಷ್ಟು ಜೋರಾಗಿತ್ತು ಅಂತ ಪಕ್ಕೆಯನ್ನು ಕೇಳಿರಲಿಲ್ಲ. ಈಗ ಕೇಳಿದೆ. ಗುರುಗಳು ಆ ಒಂದು ಗಂಟೆ "ಹಾಂ, ಇದು ಸರಿ" ಅಂದು ಕಲಿಸಿದ್ದ ಏಟು ಅದೇ. ಅವನಿಗೂ ಗೊತ್ತಿತ್ತು, ಹೊಡೆದವರಿಗೆ ಕೈಯಲ್ಲೇ ಗೊತ್ತಾಗುತ್ತದೆ. ಆದರೂ ಅವನು ಒಂದು ಮಾತೂ ಆಡಲಿಲ್ಲ. ನನ್ನ ಮಾತನ್ನು ನಂಬಿದ. ಅದೇ ನನ್ನನ್ನು ಚುಚ್ಚಿದ್ದು.

ಆಗ ನೆನಪಾಗಿದ್ದು ಅಪ್ಪ ನೂರು ಸಲ ಹೇಳಿದ್ದ ಕಥೆ. 1980ರ ಫೆಬ್ರವರಿ, ಮುಂಬೈ, ಇಂಗ್ಲೆಂಡ್ ಎದುರು ಸುವರ್ಣ ಮಹೋತ್ಸವದ ಟೆಸ್ಟ್. ಭಾರತಕ್ಕೆ ನಮ್ಮ ಜಿ. ಆರ್. ವಿಶ್ವನಾಥ್ ನಾಯಕರು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಅನಿಸಿ ವಿಶಿ ಅವರನ್ನು ವಾಪಸ್ ಕರೆದರು. ಟೇಲರ್, ಬೋಥಂ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಅಪ್ಪ ಈ ಕಥೆ ಹೇಳುವಾಗ ಸೋಲಿನ ಹತ್ತಿರ ಬಂದರೆ ದನಿ ಇನ್ನೂ ಏರುತ್ತಿತ್ತು, ಗೆದ್ದವರ ಥರ.

ಎದ್ದು ಹೋಗಿ ಆ ಹುಡುಗನನ್ನು ಹುಡುಕಿದೆ. "ನಿಮ್ಮ ಪಕ್ಕೆ ಏಟು ಸರಿಯಾಗಿತ್ತು. ನಾನು ಹೇಳಬೇಕಿತ್ತು. ತಪ್ಪಾಯಿತು" ಅಂದೆ. ಅವನು ಸ್ವಲ್ಪ ಹೊತ್ತು ನೋಡಿದ. "ನನ್ನ ಕೈಗೂ ಹಾಗೇ ಅನಿಸಿತ್ತು. ಆದರೆ ಮೈ ನಿಮ್ಮದು" ಅಂದ. ಇಬ್ಬರೂ ಪಟ್ಟಿ ಬರೆಯುವವರ ಮೇಜಿಗೆ ಹೋದೆವು. ನನ್ನ ಗೆಲುವನ್ನು ಹೊಡೆದು ಹಾಕಿ ಅವನ ಹೆಸರಿಗೆ ಬರೆದರು. ಎರಡನೆಯ ಸೋಲು, ನಾನು ಹೊರಗೆ. ಬೇರೆ ಕಡೆಗಳಲ್ಲಿ ಇದು ಸಾಧ್ಯವಾ ಗೊತ್ತಿಲ್ಲ, ಆ ದಿನ ಅಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಗುರುಗಳು ಬಂದು ಪಕ್ಕದಲ್ಲಿ ಕೂತರು. ಹೊಗಳಲಿಲ್ಲ. "ಮುಂದಿನ ಸಲ ಬೇಗ ಹೇಳು" ಅಂದರು. ಪಕ್ಕೆಯ ಬಾಸುಂಡೆ ಎರಡು ವಾರ ಇತ್ತು.

2023ರ ಆಗಸ್ಟ್‌ನಲ್ಲಿ ಪೆನ್ಸಿಕ್‌ಗೆ ಹೋದೆ. ಪಿಟ್ಸ್‌ಬರ್ಗ್‌ನಿಂದ ಉತ್ತರಕ್ಕೆ ಒಂದು ಗಂಟೆ ದಾರಿ, ಸ್ಲಿಪ್ಪರಿ ರಾಕ್ ಎಂಬ ಊರಿನ ಹತ್ತಿರ, ಕೂಪರ್ಸ್ ಲೇಕ್ ಕ್ಯಾಂಪ್‌ಗ್ರೌಂಡ್. ಈಸ್ಟ್ ಮತ್ತು ಮಿಡ್ಲ್ ಎಂಬ ಎರಡು ರಾಜ್ಯಗಳ ನಡುವೆ 1972ರಲ್ಲಿ ಶುರುವಾದ 'ಯುದ್ಧ', ಅದು 50ನೆಯದು. ಪೆನ್ಸಿಲ್ವೇನಿಯಾ ಮತ್ತು ಪ್ಯೂನಿಕ್ ಯುದ್ಧ ಸೇರಿ ಪೆನ್ಸಿಕ್. ಸುಮಾರು ಹತ್ತು ಸಾವಿರ ಜನ ಎರಡು ವಾರ ಡೇರೆ ಹಾಕಿಕೊಂಡು ಇರುತ್ತಾರೆ. ನಮ್ಮ ಜಾತ್ರೆಯದೇ ಧೂಳು, ಅದೇ ಸಡಗರ. ಬಳೆ ಕವಚ ಮಾರುವವರು, ಕುಲುಮೆ, ರಾತ್ರಿಯೆಲ್ಲ ನಗಾರಿ. ಸೆಕಂಜಬಿನ್ ಅಂತ ಒಂದು ಹಳೆಯ ಪರ್ಷಿಯನ್ ಪಾನೀಯ ಕೊಡುತ್ತಾರೆ. ಸಕ್ಕರೆ, ವಿನೆಗರ್, ಪುದೀನ. ಬಿಸಿಲಲ್ಲಿ ಕವಚ ಹೊತ್ತು ಬಂದವರಿಗೆ ಅದು ರಾಮನವಮಿಯ ಪಾನಕವೇ.

ಬಯಲಿನ ಕಾಳಗ ಬೆಳಿಗ್ಗೆ. ಎರಡೂ ಕಡೆ ನೂರಾರು ಜನ ಸಾಲುಗಟ್ಟಿ ನಿಂತೆವು. ತೋಪು ಹಾರಿತು. ಮೊದಲು ಕೇಳಿದ್ದು ಹೆಜ್ಜೆಗಳ ಸದ್ದು, ಆಮೇಲೆ ಗುರಾಣಿಗೆ ಗುರಾಣಿ ಡಿಕ್ಕಿ ಹೊಡೆದ ಸದ್ದು. ಹೆಲ್ಮೆಟ್ಟಿನ ಸರಳುಗಳ ನಡುವೆ ಕಾಣುವುದು ಎದುರಿಗಿರುವ ಮೂರು ಜನ ಮಾತ್ರ. ಎಡಕ್ಕಿದ್ದವನು ಬಿದ್ದ. ಅವನ ಜಾಗ ತುಂಬಲು ಒಂದು ಹೆಜ್ಜೆ ಇಟ್ಟೆ.

ಮುಖದ ಸರಳಿಗೆ ಏನೋ 'ಟಿಕ್' ಅಂತ ತಾಗಿತು. ಅಷ್ಟೇ. ನೋವಿಲ್ಲ, ತಳ್ಳಿದಂತೆಯೂ ಆಗಲಿಲ್ಲ. ಎರಡನೇ ಸಾಲಿನಿಂದ ಬಂದ ಉದ್ದದ ಈಟಿಯ ತುದಿ. ಎಲ್ಲರ ಮುಖವೂ ತೆರೆದಿದೆ ಅಂತ ಲೆಕ್ಕ ಇರುವುದರಿಂದ ಮುಖಕ್ಕೆ ತಿವಿತ ಇಷ್ಟು ಮೆಲ್ಲಗೆ ತಾಗಿದರೂ ಸಾವೇ. ಆ ಗದ್ದಲದಲ್ಲಿ ಯಾರೂ ನೋಡಿರಲಿಲ್ಲ. ಈಟಿ ಹಿಡಿದವನಿಗೂ ತಾಗಿದ್ದು ಖಾತ್ರಿ ಇರಲಿಕ್ಕಿಲ್ಲ, ಅವನು ಆಗಲೇ ಪಕ್ಕದವರ ಕಡೆ ತಿರುಗಿದ್ದ.

"ಗುಡ್!" ಅಂತ ಕೂಗಿದೆ. ಕತ್ತಿಯನ್ನು ತಲೆಯ ಮೇಲೆ ಅಡ್ಡ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದೆ.

ಹಗ್ಗದ ಆಚೆ ಗಂಡ, ಮಗಳು ನಿಂತಿದ್ದರು. ಮಗಳ ಮುಖ ಸಪ್ಪಗಿತ್ತು. "ಅಮ್ಮಾ, ಇಷ್ಟು ಬೇಗ ಯಾಕೆ ಬಂದೆ?"

"ಸತ್ತೆ ಪುಟ್ಟಾ."

"ನಾನು ನೋಡ್ತಾನೇ ಇದ್ದೆ. ಯಾರೂ ಹೊಡೀಲೇ ಇಲ್ಲ. ಸತ್ತೆ ಅಂತ ಯಾರು ಹೇಳಿದ್ರು?"

"ನಾನೇ ಹೇಳಿದೆ."

ಅವಳು ಹುಬ್ಬು ಗಂಟಿಕ್ಕಿಕೊಂಡು ಅಂಗಳದ ಕಡೆ ನೋಡಿದಳು. ನಾನು ಹೆಲ್ಮೆಟ್ ತೆಗೆದು ಒಂದು ಲೋಟ ಸೆಕಂಜಬಿನ್ ಕುಡಿದೆ. ಎರಡನೆಯ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಮುಂದಿನ ಸುತ್ತಿಗೆ ಕರೆ ಬಂತು. ಗಲ್ಲದ ಪಟ್ಟಿಯನ್ನು ಮಗಳೇ ಬಿಗಿದಳು.